ಶಕಟರೇಫ

ಬ್ರನೋ ಊರಿನಲ್ಲಿ ಇಂಗ್ಲಿಷಿನಲ್ಲಿ ಓದಿದರೆ ಶುಲ್ಕ;
ಚೆಕ್ ಭಾಷೆಯಲ್ಲಿ ಓದಿದರೆ
ಯಾವ ದೇಶದವರೂ ಕಾಸು ಕೊಡಬೇಕಿಲ್ಲ.

ನಾನು ಕಟ್ಟಿದೆ, ಕಂತಿನಲ್ಲಿ.
ರಸೀದಿಗಳನ್ನು ಪ್ಲಾಸ್ಟಿಕ್ ಕಡತದಲ್ಲಿಟ್ಟೆ.
ಬೂರುಲ್ ಕಟ್ಟಲಿಲ್ಲ.
ಕಿರ್ಗಿಸ್ತಾನದ ನರಿನ್‌ನಿಂದ ಪಶುವೈದ್ಯಕೀಯಕ್ಕೆ ಬಂದವಳು:
ಎರಡು ಜೊತೆ ಬೂಟು, ಒಂದು ನಿಘಂಟು,
ಅರ್ಧ ಚೀಲ ಒಣ ಮೊಸರಿನುಂಡೆ.

ಕೋಣೆ ಇಬ್ಬರದು. ಗೋಡೆಗೆ ಅವಳ ಲೆಕ್ಕದ ಹಾಳೆ:
ಬಾಡಿಗೆ, ಟ್ರಾಮಿನ ಪಾಸು, ಆಲೂಗಡ್ಡೆ,
ಸಂಜೆ ಆರರ ಮೇಲೆ ಅರ್ಧ ಬೆಲೆಗೆ ಸಿಗುವ ಬ್ರೆಡ್ಡು.
ಕೊನೆಯ ಸಾಲು: ಶುಲ್ಕ, ಸೊನ್ನೆ.
ಆ ಸೊನ್ನೆಯನ್ನು ಬಲು ದುಂಡಗೆ ಬರೆಯುತ್ತಿದ್ದಳು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಮ್ಮಲ್ಲಿ ಗಾದೆ, ಎಂದೆ.
ನಕ್ಕಳು. ಹಾಸ್ಟೆಲಿನ ಮಂಚ ಅವಳಿಗೆ ಒಂದು ಗೇಣು ಗಿಡ್ಡ;
ಮೂರು ಚಳಿಗಾಲ ಮಂಡಿ ಮಡಚಿಯೇ ಮಲಗಿದ್ದಾಳೆ.

ಸೊನ್ನೆ ಸುಮ್ಮನೆ ಬರುವುದಿಲ್ಲ.
ಚೆಕ್ಕರಲ್ಲಿ ಒಂದು ರಕಾರವಿದೆ,
ನೆತ್ತಿಯ ಮೇಲೆ ಪುಟ್ಟ ಕೊಕ್ಕೆ ಹೊತ್ತದ್ದು.
ರ-ವೂ ಝ-ವೂ ಒಂದೇ ಉಸಿರಲ್ಲಿ ಉರುಳಬೇಕು,
ಜಲ್ಲಿಯ ಮೇಲೆ ಗಾಡಿಚಕ್ರ ಉರುಳಿದ ಹಾಗೆ.
ಅವರ ಮಕ್ಕಳಿಗೇ ಅದು ಎಲ್ಲಕ್ಕಿಂತ ಕೊನೆಗೆ ಒಲಿಯುತ್ತದಂತೆ.

ಅದಕ್ಕಾಗಿ ಬೂರುಲ್ ಹಿಂದಿನ ಬೀದಿಯ ವ್ಲಾಸ್ತಾ ಅಜ್ಜಿಯ
ಮೆಟ್ಟಿಲ ಹಿಮ ಗುಡಿಸಿದಳು, ಔಷಧಿ ತಂದುಕೊಟ್ಟಳು,
ಕಣ್ಣು ಮಂಜಾದವಳಿಗೆ ಪತ್ರಿಕೆಯ ಶ್ರದ್ಧಾಂಜಲಿ ಪುಟ ಓದಿದಳು.
ತಪ್ಪಿದಲ್ಲೆಲ್ಲ ಅಜ್ಜಿ ಕೋಲಿನಿಂದ ನೆಲ ಕುಟ್ಟುವಳು:
"ಸತ್ತವನ ಹೆಸರು, ಹುಡುಗಿ. ಸರಿಯಾಗಿ ಹೇಳು."

ರಾತ್ರಿ ನಾನು ದಿಂಬನ್ನು ಕಿವಿಗೊತ್ತಿಕೊಂಡರೂ
ಬಚ್ಚಲಿನಿಂದ ಅದೇ ಝರ ಝರ.
ನಲ್ಲಿ ಕೆಟ್ಟಿದೆಯೆಂದು ಪಕ್ಕದ ಕೋಣೆಯ ಹುಡುಗಿ
ಎರಡು ಸಲ ದೂರು ಕೊಟ್ಟಳು.

ಮೂರನೇ ವರ್ಷ ಮೌಖಿಕ ಪರೀಕ್ಷೆ, ಲಾಯದಲ್ಲಿ.
ಎದುರಿಗೆ ಹನ್ನೊಂದು ದಿನದ ಕುದುರೆಮರಿ.
ಆ ಭಾಷೆಯಲ್ಲಿ ಅದರ ಹೆಸರು ಹ್ರ್ಝೀಬ್ಯೆ;
ಅದೇ ಅಕ್ಷರ, ಬಾಗಿಲಲ್ಲೇ ಕೂತಿದೆ.
ಕುದುರೆ ಅವಳಿಗೆ ಹೊಸದೇ? ನಡೆಯುವ ಮೊದಲೇ ಹತ್ತಿದವಳು.
ಕೀಲು ಮುಟ್ಟಿದಳು, ಊತ ಕಂಡಳು, ಬಾಯಿ ತೆರೆದಳು.
ಪ್ರೊಫೆಸರು ತಲೆಯೆತ್ತದೆ ಮುಂದಿನ ಪ್ರಶ್ನೆ ಕೇಳಿದರು.
ಅಷ್ಟೇ. ಅದೇ ಬಹುಮಾನ,
ಯಾರೂ ತಲೆಯೆತ್ತದಿರುವುದು.

ಅವತ್ತು ಊರಿಗೆ ಫೋನು ಮಾಡಿದಾಗ ಅಣ್ಣ ಕೇಳಿದನಂತೆ:
ನಿನ್ನ ರಕಾರಕ್ಕೇನಾಯಿತು? ನೆಗಡಿಯೇ?
ನಗುತ್ತ ಹೇಳಿದಳು. ನಗು ಮುಗಿಸಲಿಲ್ಲ.

ಪೆನ್ಸಿಲು ತೆಗೆದು ಗೋಡೆಯ ಹಾಳೆಯಲ್ಲಿ
ಅವಳ ಸೊನ್ನೆಯ ಪಕ್ಕ ಬರೆದೆ: ಱ.
ಇದೇನು?
ನಮ್ಮದೊಂದು ಹಳೆಯ ರಕಾರ. ಶಕಟರೇಫ ಅಂತಾರೆ;
ಶಕಟ ಅಂದರೆ ಗಾಡಿ.
ಶಾಸನಗಳಲ್ಲಿದೆ. ಬಾಯಲ್ಲಿಲ್ಲ.
ಹೇಗೆ ಹೇಳೋದು? ಎಂದಳು, ಎದ್ದು ಕೂತು,
ನಾಲಿಗೆಯನ್ನು ಆಗಲೇ ಅಂಗುಳಿಗೆ ತಾಗಿಸಿ.

ಗೊತ್ತಿಲ್ಲ, ಎಂದೆ,
ಆರು ಸೆಮಿಸ್ಟರಿನ ಶುಲ್ಕ ಕಟ್ಟಿದವಳು.