ಕಂದು

ಕುದ್ರೋಳಿಯ ಮೊಯ್ದಿನಬ್ಬ ಕೊಟ್ಟ
ಆಡಿನ ಥೈರಾಯ್ಡು, ಪೇಪರಿನಲ್ಲಿ ಸುತ್ತಿ, ಇನ್ನೂ ಬಿಸಿ.
"ಇದರಲ್ಲಿ ಎಂತ ಉಂಟು ಮಾರಾಯ್ತಿ,
ತಿನ್ನಲಿಕ್ಕೂ ಆಗುವುದಿಲ್ಲ."

ಮೇಣದಲ್ಲಿ ಹುಗಿದೆ. ಕೂದಲಿಗಿಂತ ತೆಳ್ಳಗೆ ಕೊಯ್ದೆ.
ಮೊಲದ ರಕ್ತದಿಂದ ಬಂದ ಆ್ಯಂಟಿಬಾಡಿ, ಎರಡೇ ಹನಿ,
ರಾತ್ರಿಯಿಡೀ ಫ್ರಿಜ್ಜಿನ ಕತ್ತಲಲ್ಲಿ
ತನಗೆ ಗೊತ್ತಿರುವ ಒಂದೇ ಮುಖ ಹುಡುಕಿತು,
ದಕ್ಕೆಯಲ್ಲಿ ನೂರು ಬೋಟುಗಳ ಗುಡುಗುಡುವಿನಲ್ಲಿ
ಅಪ್ಪನ ಇಂಜಿನ್ನು ಯಾವುದೆಂದು
ಕಣ್ಣುಮುಚ್ಚಿಯೇ ಹೇಳುತ್ತಿದ್ದ
ಅಮ್ಮನ ಹಾಗೆ.

ಬೆಳಿಗ್ಗೆ ಮಸೂರದಡಿ
ನೀಲಿ ಉಂಗುರಗಳ ಅಂಚಿಗೆ
ಅಲ್ಲೊಂದು, ಇಲ್ಲೆರಡು,
ಗೇರುಬೀಜದ ಸಿಪ್ಪೆಯ ಕಂದು.
ಎಲುಬಿನ ಸುಣ್ಣಕ್ಕೆ ಲೆಕ್ಕ ಇಡುವವರು.

ಎಣಿಸಿದೆ. ನಲವತ್ತೊಂದು.
ಕೈ ತಾನಾಗಿ ಕೊರಳಿಗೆ ಹೋಯಿತು,
ಹೊಲಿಗೆಯ ಗೆರೆಗೆ.
ಅದರ ಹಿಂದೆ ಈಗ ಯಾರೂ ಇಲ್ಲ.
ದಿನಾ ನುಂಗುವ ಮಾತ್ರೆಯಲ್ಲೂ
ಇವರ ಪಾಲು ಇಲ್ಲ.