ಬುಡ ನೋಡುವವರು

ಬಾ ಲಸ್ತ್ರಿ, ಈ ಕುರ್ಚಿಯನ್ನು ತಲೆಕೆಳಗು ಮಾಡು.
ಕೊಳ್ಳುವವರು ಮೇಲೆ ನೋಡುತ್ತಾರೆ,
ತಿಳಿದವರು ಬುಡ ನೋಡುತ್ತಾರೆ.
ಇಲ್ಲಿ, ಕಾಲಿನ ಒಳಮಗ್ಗುಲಲ್ಲಿ, ಹಾಲಿನ ಬಿಳುಪು ಕಂಡಿತೆ?
ಅದು ಎಳಸು. ಎರಡು ಮಳೆಗಾಲಕ್ಕೆ ಹುಳುವಿನ ಪಾಲು.
ತೇಗದ ಚೇಗು ಬೇರೆ: ಜೇನಿನ ಬಣ್ಣ, ಹಳೆ ತೊಗಲಿನ ವಾಸನೆ,
ಎತ್ತಿದರೆ ರಟ್ಟೆ ಹೂಂ ಅನ್ನಬೇಕು.
ಕೀಲಿನ ಸಂದಿಗೆ ಉಗುರು ಹೋದರೆ
ಜುಮಾದಿಗೆ ವಾಪಸು ಕೊಡು;
ಹುಡಿಗೆ ಅಂಟು ಕಲಸಿ ಮೆತ್ತಿರುತ್ತಾನೆ, ಕಳ್ಳ.

ಮೊದಲು ನೂರ ಎಂಬತ್ತರ ಉಪ್ಪುಕಾಗದ, ಆಮೇಲೆ ಇನ್ನೂರ ನಲವತ್ತು.
ಎಳೆಯ ಗುಂಟ ಉಜ್ಜು, ಅಡ್ಡ ಬೇಡ.
ಅಡ್ಡಗೀರು ಅವರ ತೋಟದ ಬಿಸಿಲಲ್ಲಿ ಎದ್ದು ಕಾಣುತ್ತದೆ.
ಅದು ಯಾವ ಊರ ಬಿಸಿಲೋ.

ಜೆಪಾರಾ ಬಿಡುವ ಪ್ರತಿ ಪೆಟ್ಟಿಗೆಗೂ ಈ ಚೀಟಿ:
ಸಾಬೂನಿನ ನೀರು, ಮೆತ್ತನೆ ಬ್ರಷ್ಷು,
ಎಣ್ಣೆ ಬೇಕಿಲ್ಲ, ಬೂದಿಬಣ್ಣಕ್ಕೆ ಹೆದರಬೇಡಿ.
ಚಿತ್ರದಲ್ಲೊಂದು ಕೈ ಇದೆ. ಎಷ್ಟು ನುಣುಪು ನೋಡು.

ನಮ್ಮತ್ತೆಯ ಜಗಲಿ ಮಂಚಕ್ಕೆ ಯಾರೂ ಎಣ್ಣೆ ಹಚ್ಚಲಿಲ್ಲ.
ಮಲಗೆದ್ದವರ ಬೆನ್ನೇ ಎಣ್ಣೆ.
ಮಾರಿದೆವು, ನಿಂಗ್ರುಮಳ ಹೆರಿಗೆಗೆ.
ಕೊಂಡವನು ಬುಡ ನೋಡಿದ್ದ.

ಹೋದ ವಾರ ಗುರುತಿನ ಚೀಟಿಗೆ ಹೋಗಿದ್ದೆ.
ಗಾಜಿನ ಮೇಲೆ ಹೆಬ್ಬೆರಳಿಟ್ಟೆ, ತೋರುಬೆರಳಿಟ್ಟೆ,
ಹತ್ತನ್ನೂ ಇಟ್ಟೆ.
ಗೆರೆಯೇ ಇಲ್ಲವಲ್ಲ ಅಮ್ಮಾ, ಅಂದ ಹುಡುಗ,
ಕುರ್ಚಿ ಎಳೆದು ಕೂರಿಸಿದ. ಪ್ಲಾಸ್ಟಿಕ್ಕು.
ಕೂತಲ್ಲೇ ಅಡಿಗೆ ಕೈ ಹಾಕಿ ತಡವಿದೆ,
ಅಭ್ಯಾಸ.

ಮೂಗಿಗೆ ಬಟ್ಟೆ ಕಟ್ಟು.
ಇನ್ನೂ ಹನ್ನೊಂದಿವೆ.