ಅರ್ಧ ಗಜ ಬಟ್ಟೆ

ಅಂಚೆಯಲ್ಲಿ ಬಂದದ್ದು ಇಷ್ಟು:
ಒಂದು ತುಂಡು ಸಾಬೂನು, ಹೊಸದು,
ಅರ್ಧ ಗಜ ಕೋರಾ ಬಟ್ಟೆ,
ಒಂದು ಹಾಳೆಯಲ್ಲಿ ಏಳು ಸಾಲು.
ಅಲ್ಜಿಯರ್ಸಿನಲ್ಲಿ ಆ ಚಳಿಗಾಲ
ಇದರ ಅರ್ಥ ಮಕ್ಕಳಿಗೂ ಗೊತ್ತಿತ್ತು:
ಸಾಬೂನು ಮೀಯಿಸಲು, ಬಟ್ಟೆ ಹೊದಿಸಲು,
ಕಾಗದ, ನಿನ್ನ ಸರದಿ ಎನ್ನಲು.

ಮೂವತ್ತು ವರ್ಷ ಕರಡು ತಿದ್ದಿದವಳು ನಾನು.
ಕೈ ಕೇಳಲಿಲ್ಲ. ಕೆಂಪು ಪೆನ್ನು ತೆಗೆದೆ.
ಮೂರನೇ ಸಾಲಿನಲ್ಲಿ ಕ್ರಿಯಾಪದ ಕರ್ತೃವಿಗೆ ಹೊಂದಿರಲಿಲ್ಲ,
ಐದರಲ್ಲಿ 'ನ್ಯಾಯ' ಎಂಬಲ್ಲೇ ಕಾಗುಣಿತ ತಪ್ಪಿತ್ತು,
ಕೊನೆಗೆ ನನ್ನ ಹೆಸರು, ವರ್ದಿಯಾ,
ನಡುವಿನ ರಕಾರ ನುಂಗಿ: ವದಿಯಾ.
ಇವರಿಗೆ ನಾನು ಯಾರೆಂದು ಗೊತ್ತು,
ಹೇಗೆ ಬರೆಯುವುದೆಂದು ಗೊತ್ತಿಲ್ಲ.
ನಕ್ಕೆ. ಆಮೇಲೆ ಮೊಣಕಾಲು ನಡುಗಿ
ಅಡುಗೆಮನೆಯ ನೆಲದಲ್ಲೇ ಕೂತೆ,
ಒಲೆಯ ಮೇಲಿನ ಕಡಲೆ ಸೀಯುವವರೆಗೆ.

ಅಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದಳು,
ಗೇಣು ಹಾಕಿ ಅಳೆದಳು.
ಹೊಲಿಗೆಯಲ್ಲೇ ಐದು ಮಕ್ಕಳನ್ನು ಸಾಕಿದವಳು:
'ಇಷ್ಟರಲ್ಲಿ ನಿನ್ನನ್ನೇನು, ಬೆಕ್ಕನ್ನೂ ಸುತ್ತಲಾಗದು.
ಕೊಲ್ಲುವುದರಲ್ಲೂ ಜಿಪುಣರು.'
ಮಾರನೆಯ ದಿನ ಅದು ರೊಟ್ಟಿ ಬುಟ್ಟಿಯ ಮೇಲಿತ್ತು,
ಅಂಚು ಮಡಿಸಿ ಹೊಲಿದು, ಮೂಲೆಗೊಂದು ನೀಲಿ ಹೂ.
ನಾನು ಆ ರೊಟ್ಟಿ ಮುಟ್ಟಲಿಲ್ಲ. ಎರಡು ದಿನ.
ಮೂರನೆಯ ದಿನ ಹಸಿವಾಯಿತು.

ಸಾಬೂನನ್ನು ಕಚೇರಿಯ ನಲ್ಲಿಯ ಬಳಿ ಇಟ್ಟೆ.
ಅಚ್ಚಿನ ಮಸಿ ಅದಕ್ಕೆ ಬೇಗ ಬಿಡುತ್ತಿತ್ತು.
ಪ್ರಾಣದಿಂದ ಕೈತೊಳೆದುಕೊ ಎಂದು ಕಳಿಸಿದ್ದರು,
ನಾನು ಬರೀ ಕೈ ತೊಳೆದುಕೊಂಡೆ.
ಮೆಝಿಯಾನ್ ಕೂಡ ಅದರಲ್ಲೇ ತೊಳೆದ,
ಮೂಸಿ ನೋಡಿ, 'ಅಗ್ಗದ ಮಾಲು' ಅಂದ.

ಅವನ ಅಂಕಣ ಗುರುವಾರ.
ಹಂತಕರ ಬಗ್ಗೆ ಬರೆದ. ಹಂತಕರನ್ನು ಹುಡುಕುವ ನೆಪದಲ್ಲಿ
ಮನೆಗಳ ಬಾಗಿಲು ಒಡೆಯುವವರ ಬಗ್ಗೆಯೂ ಬರೆದ.
ಹಾಗಾಗಿ ಎರಡು ಕಡೆಯವರಿಗೂ
ಅವನ ಬೀದಿಯ ಗುರುತಿತ್ತು.
ರಾತ್ರಿಗೊಂದು ಮನೆ ಬದಲಿಸುತ್ತಿದ್ದ,
ಹಲ್ಲುಜ್ಜುವ ಬ್ರಷ್ಷು ಕೋಟಿನ ಜೇಬಿನಲ್ಲಿ, ಪೆನ್ನಿನ ಪಕ್ಕ.
ಒಮ್ಮೆ ಬ್ರಷ್ಷಿನಿಂದಲೇ ಸಹಿ ಮಾಡಲು ಹೊರಟಿದ್ದ.

ಎಲ್ಲರೂ ಏನಾದರೊಂದು ಬದಲಿಸಿಕೊಂಡಿದ್ದೆವು.
ನಾನು ಬಸ್ಸಿನ ದಾರಿ, ತಲೆವಸ್ತ್ರದ ಬಣ್ಣ.
ಫೋಟೋ ತೆಗೆಯುವ ಝಹಿಯಾಳ ಮದುವೆ ಮುರಿಯಿತು,
ವರನಿಗಿಂತ ವರನ ತಾಯಿಗೆ ಹೆದರಿಕೆ.
ಫೋನು ಎತ್ತುವ ಮುದುಕ ಯಾವ ಹೆಸರು ಕೇಳಿದರೂ
'ರಜೆಯಲ್ಲಿದ್ದಾರೆ' ಅನ್ನುತ್ತಿದ್ದ.
ಒಂದು ಸಂಜೆ ತನ್ನ ಹೆಂಡತಿಗೂ ಹಾಗೇ ಅಂದ, ತನ್ನ ಬಗ್ಗೆ.

ಮಾತು ಬೆಳ್ಳಿ, ಮೌನ ಬಂಗಾರ
ಎಂದು ನೆನಪಿಸಿದರು ಮೇಲ್ಮಹಡಿಯ ಹಾಜಿ ಬೂಆಲಂ.
ಕೆಟ್ಟವರಲ್ಲ; ಅಮ್ಮನಿಗೆ ಔಷಧ ತಂದುಕೊಡುತ್ತಿದ್ದವರು.
ನಮ್ಮ ಮನೆಯ ಬಂಗಾರವನ್ನೆಲ್ಲ
ಅಪ್ಪನ ಆಸ್ಪತ್ರೆಗೆಂದು ಮಾರಿಯಾಗಿತ್ತು.
ಅವರಿಗೆ ಹೇಳಲಿಲ್ಲ. ಬಾಗಿಲು ಮುಚ್ಚಿದೆ, ಎರಡು ಚಿಲಕ.

ಫೆಬ್ರವರಿಯಲ್ಲಿ, ಮೀನಿನಂಗಡಿಯೆದುರು, ಮೆಝಿಯಾನ್.
ಕೈಯಲ್ಲಿ ಒಂದು ಕಿಲೋ ಬೂತಾಯಿ,
ಸುತ್ತಿದ್ದು ನಮ್ಮದೇ ಹಳೆಯ ಪತ್ರಿಕೆ.
ಇದಕ್ಕಿಂತ ಹೆಚ್ಚು ನನ್ನಿಂದ ಹೇಳಿಸಬೇಡಿ.

ಗುರುವಾರದ ಬರಹ ಮೇಜಿನ ಮೇಲಿತ್ತು,
ಅರ್ಧ ಮುಗಿದದ್ದು. ನಡುವೆ ಒಂದು ಪದಕ್ಕೆ
ಜಾಗ ಬಿಟ್ಟಿದ್ದ, ಸಿಕ್ಕ ಮೇಲೆ ತುಂಬುತ್ತೇನೆಂದು.
ಸಂಪಾದಕರು ಅಂದರು: ಹೆಸರಿಲ್ಲದೆ ಹಾಕೋಣ.
ಉಳಿದರ್ಧ ನೀನು ಬರಿ. ಯಾರಿಗೂ ತಿಳಿಯುವುದಿಲ್ಲ.

ಬರೆದೆ. ಆ ಜಾಗವನ್ನು ಹಾಗೇ ಬಿಟ್ಟೆ;
ಇನ್ನೊಬ್ಬರ ಬಾಯಿಗೆ ಪದ ತುರುಕುವುದು
ಕರಡಿನವರ ಕೆಲಸವಲ್ಲ.
ಕೆಳಗೆ ಅವನ ಹೆಸರು. ಅದರ ಪಕ್ಕ ನನ್ನದು.
ಧೈರ್ಯ ಅನ್ನಬೇಡಿ.
ಹೆಸರಿಲ್ಲದ ಕಾಗದ ನನಗೂ ಒಂದು ಬಂದಿತ್ತು,
ಇನ್ನೊಂದನ್ನು ನಾನೇ ಕಳಿಸಲು ಮನಸ್ಸು ಬರಲಿಲ್ಲ.

ಬೆಳಿಗ್ಗೆ ಬಸ್ಸಿಗೆ ಕಾಯುತ್ತ ಬಿಡಿಸಿ ನೋಡಿದೆ:
ವದಿಯಾ.
ನನ್ನ ಕರಡು ನೋಡುವವರು ಯಾರೂ ಇರಲಿಲ್ಲ.
ಪಕ್ಕದ ಹುಡುಗ ಹೆಗಲ ಮೇಲಿಂದ ಓದುತ್ತಿದ್ದ.
ಪತ್ರಿಕೆ ಮಡಚಿದೆ, ಹೆಸರು ಒಳಗಾಗುವಂತೆ.
ಅವನು ಕೇಳಿದ: 'ಆ ಖಾಲಿ ಜಾಗದಲ್ಲಿ ಏನಿತ್ತು?'
ಅವನ ಮುಖ ನೋಡಿದೆ, ಕೈಗಳನ್ನೂ.
ಬಸ್ಸು ಬಂತು, ಹೋಯಿತು.
ಮತ್ತೆ ಬಿಡಿಸಿ, ಚೀಲದಿಂದ ಪೆನ್ನು ತೆಗೆದು
ಮೊದಲು ಆ ರಕಾರ ಸೇರಿಸಿದೆ.